ಕೌದಿಯ ಮೆದು

ರಾತ್ರಿ ಊಟ ಮುಗಿದು ಮನೆಯ ಸದ್ದೆಲ್ಲ ಅಡಗಿದ ಮೇಲೆ ನಾನು ಹಾಕಿಕೊಂಡು ಕೂರುವ ಆಲ್ಬಂ ಒಂದಿದೆ: ಫ್ಲೀಟ್‌ವುಡ್ ಮ್ಯಾಕ್ ತಂಡದ ‘ರೂಮರ್ಸ್’. 1977ರ ಫೆಬ್ರವರಿಯಲ್ಲಿ ಬಂದದ್ದು. ಇದನ್ನು ಸಾಫ್ಟ್ ರಾಕ್ ಅನ್ನುತ್ತಾರೆ. ಆ ‘ಸಾಫ್ಟ್’ ಎಂಬ ಮಾತಿನ ಮೇಲೆ ನನಗೆ ಬಹಳ ಕಾಲ ಮುನಿಸಿತ್ತು. ಈಗಿಲ್ಲ. ಮೆದುವಿನಲ್ಲೂ ಎರಡು ಬಗೆಯಿದೆಯಲ್ಲ. ಅಂಗಡಿಯಿಂದ ತಂದ ಹೊಸ ಹಾಸಿಗೆಯದು ಒಂದು, ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದ ಕೌದಿಯದು ಇನ್ನೊಂದು. ‘ರೂಮರ್ಸ್’ನದು ಕೌದಿಯ ಮೆದು. ಒಗೆದು ಒಗೆದು, ಹೊದ್ದು ಹೊದ್ದು ಬಂದದ್ದು.

1976ರಲ್ಲಿ ಕ್ಯಾಲಿಫೋರ್ನಿಯಾದ ಸಾಸಲಿಟೋ ಎಂಬಲ್ಲಿನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋಗೆ ಐವರೂ ಬಂದಾಗ ಯಾರ ಮನಸ್ಸೂ ನೆಟ್ಟಗಿರಲಿಲ್ಲ. ಜಾನ್ ಮತ್ತು ಕ್ರಿಸ್ಟೀನ್ ಮೆಕ್‌ವೀ ದಂಪತಿ ಬೇರೆಯಾಗಿದ್ದರು. ಲಿಂಡ್ಸೆ ಬಕಿಂಗ್‌ಹ್ಯಾಮ್ ಮತ್ತು ಸ್ಟೀವಿ ನಿಕ್ಸ್ ಅವರ ಹಳೆಯ ಪ್ರೀತಿ ಮುರಿದಿತ್ತು. ಡ್ರಮ್ಮಿನ ಮಿಕ್ ಫ್ಲೀಟ್‌ವುಡ್ ಸಂಸಾರವೂ ಒಡೆದಿತ್ತು. ಹಾಡು ಬರೆಯುತ್ತಿದ್ದ ಲಿಂಡ್ಸೆ, ಸ್ಟೀವಿ, ಕ್ರಿಸ್ಟೀನ್ ಮೂವರೂ ಹೆಚ್ಚಾಗಿ ಬರೆದದ್ದು ಆ ನೋವನ್ನೇ, ನುಡಿಸಬೇಕಾದದ್ದು ಎಲ್ಲರೂ ಸೇರಿ. ‘ಗೋ ಯುವರ್ ಓನ್ ವೇ’ ಬಕಿಂಗ್‌ಹ್ಯಾಮ್ ಸ್ಟೀವಿಯನ್ನೇ ಕುರಿತು ಬರೆದ ಮುನಿಸಿನ ಹಾಡು. ಅದರಲ್ಲಿ ದನಿಗೂಡಿಸಿದವಳು ಸ್ಟೀವಿಯೇ. ಆ ದನಿ ಒಂದೆಳೆಯಷ್ಟೂ ಅಳುಕುವುದಿಲ್ಲ. ಅಲ್ಲಿಗೆ ಬಂದಾಗಲೆಲ್ಲ ನಾನು ಕೈಯಲ್ಲಿದ್ದ ಕೆಲಸ ಬಿಡುತ್ತೇನೆ.

ಹೊರಗೆ ಡಿಸ್ಕೋ ಕಾಲ. ಅದರ ಗಾಳಿ ಇವರಿಗೂ ತಾಗಿತ್ತು. ಬೀ ಜೀಸ್ ತಂಡದ ‘ಜೈವ್ ಟಾಕಿನ್’ ಕೇಳಿದ್ದ ಬಕಿಂಗ್‌ಹ್ಯಾಮ್‌ಗೆ ‘ಸೆಕೆಂಡ್ ಹ್ಯಾಂಡ್ ನ್ಯೂಸ್’ ಹಾಡಿಗೂ ಅಂಥದೇ ನಡೆ ಬೇಕಿತ್ತು. ಡ್ರಮ್ಮಿನ ಜೊತೆಗೆ ಅವನು ಬಡಿದದ್ದು ಸ್ಟುಡಿಯೋದಲ್ಲಿದ್ದ ಕುರ್ಚಿಯ ರೆಕ್ಸಿನ್ ಸೀಟನ್ನು! ಆಲ್ಬಮ್ಮಿನ ಮೊದಲ ಹಾಡೇ ಅದು. ಕಿವಿಗೊಟ್ಟರೆ ಆ ದಪದಪ ಈಗಲೂ ಸಿಗುತ್ತದೆ.

‘ಡ್ರೀಮ್ಸ್’ ಹುಟ್ಟಿದ್ದು ಅದೇ ಕಟ್ಟಡದಲ್ಲಿ, ಗಾಯಕ ಸ್ಲೈ ಸ್ಟೋನ್ ಬಳಸುತ್ತಿದ್ದ ಕೋಣೆಯಲ್ಲಿ. ಸ್ಟೀವಿ ಒಬ್ಬಳೇ ಅಲ್ಲಿ ಹೋಗಿ ಕೂತು, ಕೀಬೋರ್ಡಿನ ಮುಂದೆ ಹತ್ತೇ ನಿಮಿಷದಲ್ಲಿ ಬರೆದಳಂತೆ. ಹೆಚ್ಚುಕಡಿಮೆ ಎರಡೇ ಕಾರ್ಡುಗಳು ಉದ್ದಕ್ಕೂ ಓಲಾಡುತ್ತವೆ. ತಂಬೂರಿಯ ಶ್ರುತಿಗೆ ಪಳಗಿದ ಕಿವಿಗೆ ಅದೇನೂ ಬಡತನವಾಗಿ ಕೇಳುವುದಿಲ್ಲ. ನಿಂತ ನೀರಿನ ಮೇಲೆ ದೋಣಿ ತೇಲಿದ ಹಾಗೆ ದನಿ ತೇಲುತ್ತದೆ. ‘ಸಾಂಗ್‌ಬರ್ಡ್’ಗೆ ಸ್ಟುಡಿಯೋ ಸಾಲದೆ ಬರ್ಕ್ಲಿಯ ಜೆಲ್ಲರ್‌ಬಾಕ್ ಸಭಾಂಗಣವನ್ನು ಹಿಡಿದರು. ಖಾಲಿ ಕುರ್ಚಿಗಳ ಮುಂದೆ ಪಿಯಾನೋ, ಅದರ ಮೇಲೆ ಗುಲಾಬಿ ಹೂಗಳು, ಮೇಲಿಂದ ಬೆಳಕು. ಕ್ರಿಸ್ಟೀನ್ ರಾತ್ರಿಯಿಡೀ ಹಾಡಿದಳು. ಕೇಳುವಾಗ ಆ ಖಾಲಿಯೂ ಹಾಡಿನೊಳಗೆ ಇದೆ ಅನ್ನಿಸುತ್ತದೆ. ಕ್ರಿಸ್ಟೀನ್ ಎಂಬ ಈ ಹಾಡುಹಕ್ಕಿ 2022ರ ನವೆಂಬರಿನಲ್ಲಿ ಹಾರಿಹೋಯಿತು.

ಇನ್ನು ‘ದಿ ಚೈನ್’. ಬೇರೆ ಬೇರೆ ತುಂಡುಗಳನ್ನು ಕತ್ತರಿಸಿ ಅಂಟಿಸಿದ ಹಾಡು, ಐವರ ಹೆಸರೂ ಇರುವುದು ಇದೊಂದಕ್ಕೇ. ನಡುವೆ ಎಲ್ಲ ನಿಂತು, ಜಾನ್‌ನ ಬಾಸ್ ಗಿಟಾರ್ ಒಂದೇ ನಡೆದು ಬರುವ ಜಾಗವಿದೆ. ಹೊಲಿಗೆ ಕಾಣುತ್ತದೆ. ಕೌದಿಯಲ್ಲಿ ಹೊಲಿಗೆ ಕಾಣುವುದೇ ಚೆಂದ.

ಎಲ್ಲಕ್ಕಿಂತ ನನ್ನನ್ನು ಹಿಡಿದಿರುವುದು ಟೇಪಿನ ಕಥೆ. ದನಿಯ ಮೇಲೆ ದನಿ ಸೇರಿಸಲು ಅಗಲವಾದ ಟೇಪನ್ನು ತಿಂಗಳುಗಟ್ಟಲೆ ಮುಂದೆ ಹಿಂದೆ ಓಡಿಸಿ ಓಡಿಸಿ, ಅದರ ಲೇಪವೇ ಉದುರತೊಡಗಿತು. ಡ್ರಮ್ಮಿನ ಚುರುಕು ಮಂಕಾಯಿತು. ಪುಣ್ಯಕ್ಕೆ ಮೊದಲ ಬಾರಿ ನುಡಿಸಿದಾಗಲೇ ಇನ್ನೊಂದು ಯಂತ್ರದಲ್ಲೂ ಮುದ್ರಿಸಿಟ್ಟಿದ್ದರು. ಎರಡು ಟೇಪೂ ತಾನಾಗಿ ಹೆಜ್ಜೆಹೆಜ್ಜೆಗೆ ಹೊಂದುವ ವ್ಯವಸ್ಥೆ ಇರಲಿಲ್ಲ. ಒಬ್ಬ ತಂತ್ರಜ್ಞ ಹೆಡ್‌ಫೋನ್ ಹಾಕಿಕೊಂಡು, ಒಂದು ಕಿವಿಗೆ ಸವೆದ ಟೇಪು, ಇನ್ನೊಂದಕ್ಕೆ ಸವೆಯದ ಟೇಪು ಇಟ್ಟು, ವೇಗ ಹೆಚ್ಚುಕಡಿಮೆ ಮಾಡುತ್ತ ಕಿವಿಯಂದಾಜಿನಲ್ಲೇ ಎರಡನ್ನೂ ಸೇರಿಸಿದ.

ಆಲ್ಬಂ ಬಿಟ್ಟುಬಿಟ್ಟು ಒಟ್ಟು 31 ವಾರ ಅಮೆರಿಕದ ಪಟ್ಟಿಯ ತುದಿಯಲ್ಲಿತ್ತು. 1978ರ ಜನವರಿಯಲ್ಲಿ ಆ ಜಾಗಕ್ಕೆ ಬಂದದ್ದು ‘ಸ್ಯಾಟರ್ಡೇ ನೈಟ್ ಫೀವರ್’ ಚಿತ್ರದ ಆಲ್ಬಂ, ಅದರಲ್ಲಿ ಅದೇ ಬೀ ಜೀಸ್ ಹಾಡುಗಳು.

ನಾನು ದೀಪ ಆರಿಸಿ ಮತ್ತೆ ಮೊದಲಿಂದ ಹಾಕುತ್ತೇನೆ. ಕುರ್ಚಿಯ ಸದ್ದು ಶುರುವಾಗುತ್ತದೆ. ಡ್ರಮ್ಮು ಸವೆಯದ ಟೇಪಿನದು, ಅದರ ಮೇಲೆ ಹೊದಿಸಿದ ದನಿಗಳು ಸವೆದ ಟೇಪಿನವು.