ಅಜ್ಜಿಯ ಹಾಡಿಗೆ ಆಧಾರ ಎಲ್ಲಿದೆ?

ಮೈಸೂರಿನಲ್ಲಿ ಓದುತ್ತಿದ್ದಾಗ ಒಂದು ಮಾರ್ಚ್ ತಿಂಗಳಲ್ಲಿ ಗ್ರಂಥಾಲಯವೊಂದರಲ್ಲಿ ವಿಕಿಪೀಡಿಯ ಕಮ್ಮಟವಿತ್ತು. ಕಲಾವಿದೆಯರ ಬಗ್ಗೆ ಕನ್ನಡದಲ್ಲಿ ಬರೆಯಬೇಕು, ಇರುವ ಬರಹಗಳನ್ನು ತಿದ್ದಬೇಕು. 2014ರಲ್ಲಿ ನ್ಯೂಯಾರ್ಕಿನಲ್ಲಿ 'ಆರ್ಟ್+ಫೆಮಿನಿಸಂ' ಹೆಸರಿನಲ್ಲಿ ಶುರುವಾದ ಇಂಥ ಕಮ್ಮಟಗಳು ಈಗ ಹಲವು ದೇಶಗಳಲ್ಲಿ ನಡೆಯುತ್ತವೆ.

ನಾನು ಆಯ್ದುಕೊಂಡದ್ದು ಅಂಕೋಲಾದ ಸುಕ್ರಿ ಬೊಮ್ಮಗೌಡರನ್ನು. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ನೆನಪಿನಲ್ಲೇ ಕಾಪಾಡಿದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತ್ತು, ಪತ್ರಿಕೆಗಳು ಬರೆದಿದ್ದವು. ಹಾಗಾಗಿ ನಾನು ಸೇರಿಸಿದ ಒಂದೊಂದು ವಾಕ್ಯಕ್ಕೂ ಆಧಾರ ಸಿಕ್ಕಿತು.

ಅದೇ ಹುಮ್ಮಸ್ಸಿನಲ್ಲಿ ಹೊಸ ಪುಟ ತೆರೆದು ನಮ್ಮಜ್ಜಿಯ ಹೆಸರು ಟೈಪು ಮಾಡಿದೆ. ಹನೂರು ಸೀಮೆಯ ನಮ್ಮ ಶಾಗ್ಯದಲ್ಲಿ ಮದುವೆಯಾಗಲಿ, ಒಸಗೆಯಾಗಲಿ, ಅಜ್ಜಿ ಸೋಬಾನೆ ಎತ್ತಿಕೊಡದೆ ಮುಂದೆ ಸಾಗುತ್ತಿರಲಿಲ್ಲ.

"ಇದಕ್ಕೆ ಆಧಾರ?" ಎಂದರು ಕಲಿಸಲು ಬಂದಿದ್ದ ಮೇಡಂ.

"ನಾನೇ ಕೇಳಿದ್ದೀನಲ್ಲ ಮೇಡಂ."

"ನೀವು ಕೇಳಿದ್ದು ಸಾಲದಮ್ಮ. ಯಾರಾದರೂ ಬರೆದಿರಬೇಕು, ಅದು ಅಚ್ಚಾಗಿರಬೇಕು."

ಜಾನಪದದ ಕಪಾಟಿಗೆ ಹೋದೆ. ಮಲೆ ಮಹದೇಶ್ವರ, ಮಂಟೇಸ್ವಾಮಿ ಕಾವ್ಯಗಳ ದಪ್ಪ ಸಂಪುಟಗಳಿದ್ದವು. ಹೆಂಗಸರ ಹಾಡುಗಳ ಒಂದು ಸಂಗ್ರಹವೂ ಸಿಕ್ಕಿತು. ಆತುರದಿಂದ ಪುಟ ತಿರುವಿದೆ. ಹಾಡುಗಳಿದ್ದವು, ಹಾಡಿದವರ ಹೆಸರಿರಲಿಲ್ಲ.

ಅವತ್ತು ವಿಕಿಪೀಡಿಯದ ನಿಯಮದ ಮೇಲೆ ಸಿಟ್ಟು ಬಂತು. ಆಮೇಲೆ ಯೋಚಿಸಿದಾಗ ತಪ್ಪು ನಿಯಮದ್ದಲ್ಲ ಅನ್ನಿಸಿತು. ಯಾರು ಬೇಕಾದರೂ ಬರೆಯಬಹುದಾದ ಕಡೆ ಆಧಾರ ಕೇಳಲೇಬೇಕು. ಅಂತರ್ಜಾಲದಲ್ಲಿ ಕಾಣುವ ಖಾಲಿ ಜಾಗ ಅಲ್ಲಿ ಹುಟ್ಟಿದ್ದಲ್ಲ, ನಮ್ಮ ಕಪಾಟಿನಿಂದ ಹೋದದ್ದು. ಗ್ರಂಥಾಲಯಗಳು ಕಂಪ್ಯೂಟರಿನ ಮುಂದೆ ನಮ್ಮನ್ನು ಕೂರಿಸಿದರಷ್ಟೇ ಸಾಲದು. ಊರ ಹಾಡುಗಾರ್ತಿಯರನ್ನು ಕರೆಸಿ, ಕೇಳಿ, ಹೆಸರು ಸಮೇತ ಬರೆದಿಡುವುದೂ ಅವುಗಳ ಕೆಲಸವೇ.

ರಜೆಗೆ ಊರಿಗೆ ಹೋದಾಗ ಅಜ್ಜಿಯ ಮುಂದೆ ಮೊಬೈಲು ಹಿಡಿದು ಕೂತೆ. ಎರಡು ಹಾಡಾದ ಮೇಲೆ, "ನಿನ್ನ ಹೆಸರು ಹಾಕ್ತೀನಜ್ಜಿ" ಎಂದೆ.

"ನನ್ ಹೆಸ್ರು ಯಾಕವ್ವ? ಇದು ನಮ್ಮವ್ವ ಹೇಳ್ಕೊಟ್ಟಿದ್ದು. ಬರ್ಯದಾದ್ರೆ ಅವಳ ಹೆಸ್ರು ಬರ್ಕೊ."

ಪೆನ್ನು ಎತ್ತಿಕೊಂಡೆ. ಮುತ್ತಜ್ಜಿಯ ಹೆಸರು ನನಗೆ ಗೊತ್ತಿರಲಿಲ್ಲ. ಕೇಳಿ ಬರೆದುಕೊಂಡೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈಗ ಎರಡು ಹೆಸರಿವೆ, ಕೆಳಗೆ ತಾರೀಖು, ಶಾಗ್ಯ ಅಂತ ಊರು. ವಿಕಿಪೀಡಿಯಕ್ಕೆ ಇದು ಆಧಾರವಾಗುವುದಿಲ್ಲ. ಹಾಡುಗಳೆಲ್ಲ ತುಂಬಿದ ಮೇಲೆ ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡುತ್ತೇನೆ. ಮುಂದೆ ಸಂಗ್ರಹ ಮಾಡುವವರು ಯಾರಾದರೂ ಬಂದರೆ, ಹಾಡಿದವರ ಹೆಸರು ಸಿಗಲಿಲ್ಲ ಅನ್ನಬಾರದು.