ಮನೆಯಲ್ಲೇ ಕೋಲಾ!

ಕೋಲಾದ ರುಚಿ ಭಾರೀ ಗುಟ್ಟು ಅಂತಾರಲ್ಲ, ಅದರ ಹತ್ತಿರದ ರುಚಿ ನಮ್ಮ ಅಡುಗೆಮನೆ ಡಬ್ಬಿಗಳಲ್ಲೇ ಇದೆ ಕಣ್ರೀ. ಚಕ್ಕೆ, ಜಾಯಿಕಾಯಿ, ಕೊತ್ತಂಬರಿ ಬೀಜ, ನಿಂಬೆ-ಕಿತ್ತಳೆ ಸಿಪ್ಪೆ ಕುದಿಸಿ ಸೋಸಿ. ಕಂದುಬಣ್ಣಕ್ಕೆ ಕರಗಿಸಿದ ಸಕ್ಕರೆ, ನಿಂಬೆರಸ ಸೇರಿಸಿ. ಆರಿದ ಮೇಲೆ ಫ್ರಿಜ್ಜಿನ ಸೋಡಾ ಬೆರೆಸಿ. ನೀರು ತಣ್ಣಗಿದ್ದಷ್ಟೂ ಗ್ಯಾಸ್ ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತೆ.

ಸಕ್ಕರೆ ಎಷ್ಟು? ಸಾಮಾನ್ಯ ಕೋಲಾದ 330 ಮಿ.ಲೀ. ಕ್ಯಾನಿನಲ್ಲಿ ಸುಮಾರು 35 ಗ್ರಾಂ. ಅಷ್ಟೇ ಹಾಕೋಣ ಅಂತ ನಾನು ಅಳೆಯುತ್ತಿದ್ದರೆ, ಸಕ್ಕರೆ ಕಾಯಿಲೆಯಿದ್ದೂ ಕೋಲಾ ಬಿಡದ ಅಪ್ಪ ಪಕ್ಕದಲ್ಲಿ ನಿಂತು ಎಣಿಸಿದರು. ಒಂಬತ್ತನೇ ಟೀ ಚಮಚಕ್ಕೆ "ಇಷ್ಟೊಂದಾ?" ಅಂದರು. ಡಾಕ್ಟರು, ಅಮ್ಮ ಎರಡು ವರ್ಷ ಹೇಳಿ ಸೋತಿದ್ದನ್ನು ಆ ಚಮಚ ಹೇಳಿತ್ತು.

ಈಗ ಅಪ್ಪನ ಲೋಟಕ್ಕೆ ಸೋಡಾ, ನಿಂಬೆ, ಚಕ್ಕೆ ನೀರು ಮಾತ್ರ. "ಗುಳ್ಳೆ ಇದ್ರೆ ಸಾಕಪ್ಪ" ಅಂತಾರೆ. ನೀವೂ ಒಮ್ಮೆ ಎಣಿಸಿ ನೋಡಿ.