ಇನ್ನೆಷ್ಟು ದೂರ?

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ಕುಣಿಗಲ್ ದಾಟುವ ಮೊದಲೇ ಕಾರಿನ ಹಿಂದಿನ ಸೀಟಿನಲ್ಲಿ 'ಇನ್ನೆಷ್ಟು ದೂರ?' ಶುರುವಾಗುತ್ತದೆ. ಉತ್ತರವನ್ನು ಮಕ್ಕಳೇ ಹುಡುಕಲಿ ಬಿಡಿ. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಎಷ್ಟು ಸೆಕೆಂಡು ಎಂದು ಗಡಿಯಾರ ನೋಡಿ ಎಣಿಸಲಿ. 3600ನ್ನು ಅದರಿಂದ ಭಾಗಿಸಿದರೆ ಕಾರಿನ ವೇಗ ಸಿಕ್ಕಿತು. 60 ಸೆಕೆಂಡಾದರೆ ಗಂಟೆಗೆ 60 ಕಿ.ಮೀ., 72 ಆದರೆ 50. ಸರಿಯೋ ತಪ್ಪೋ ಎಂದು ಮುಂದೆ ಕುಳಿತ ಅಮ್ಮ ಮೀಟರ್ ನೋಡಿ ಹೇಳಲಿ.

ಆಮೇಲೆ ನಂಬರ್ ಪ್ಲೇಟ್ ಆಟ. ಕೆಎ-13 ಹಾಸನ, 46 ಸಕಲೇಶಪುರ, 21 ಪುತ್ತೂರು, 19 ಮಂಗಳೂರು. ಮೊದಲು ಕಂಡವರಿಗೊಂದು ಚಕ್ಕುಲಿ.

ಸಕಲೇಶಪುರದಲ್ಲಿ ಹೇಮಾವತಿ ಸಿಕ್ಕಾಗ ಕೇಳಿ, ಈ ನೀರು ಯಾವ ಕಡಲಿಗೆ? ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಘಟ್ಟದಲ್ಲಿ ಜೊತೆಯಾಗುವ ಕೆಂಪುಹೊಳೆಯದು ಅರಬ್ಬೀ ಸಮುದ್ರಕ್ಕೆ. ಭೂಗೋಳದ ಪಾಠ ಕಿಟಕಿಯಲ್ಲೇ ಆಯಿತು.

ಶಿರಾಡಿಯ ತಿರುವುಗಳಲ್ಲಿ ಮಾತ್ರ ಪುಸ್ತಕ, ಮೊಬೈಲು ಎರಡೂ ಚೀಲ ಸೇರಲಿ. ಕಣ್ಣು ಅಲುಗದ ಪುಟದ ಮೇಲಿದ್ದು, ಒಳಗಿವಿಗೆ ತಿರುವು ತಿಳಿಯುತ್ತಿದ್ದರೆ ಮಿದುಳಿಗೆ ಗೊಂದಲ, ಹೊಟ್ಟೆ ತೊಳಸುತ್ತದೆ. ದೂರದ ಬೆಟ್ಟ ನೋಡುತ್ತ ಅಂತ್ಯಾಕ್ಷರಿ ಹಾಡುವುದೇ ಮೇಲು. ಉಪ್ಪಿನಂಗಡಿಯಲ್ಲಿ ನೇತ್ರಾವತಿ-ಕುಮಾರಧಾರಾ ಸಂಗಮದ ಬಳಿ ಇಳಿದು ನಾಲ್ಕು ಹೆಜ್ಜೆ ಓಡಾಡಿದರೆ, ಉಳಿದ ದಾರಿ ಮಕ್ಕಳಿಗೂ ಸಲೀಸು, ನಿಮಗೂ ಸಲೀಸು.